ಡೋಲ್ಕರ್ ಹೇಳಿದ್ದು ಯಾವುದು?

ಬೊಲೆರೊ ಬೆನ್ನು ಬಿಡಲೇ ಇಲ್ಲ!

ರೋಣ ದಾಟಿದಾಗಿನಿಂದ ಹಿಂದೆ ಹತ್ತಿತ್ತು. ಬಿಳಿ ಬಣ್ಣ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು. ಮಳೆ ನಿಂತು ತಿಂಗಳಾಗಿತ್ತು... ಕೆಸರು ಎಲ್ಲಿಂದ ಬಂತು?

"ತಲಿ ಎತ್ತಬ್ಯಾಡ!" ಎಂದು ಕಿರುಚಿದೆ.

ನನ್ನ ಓಮ್ನಿಯ ಹಿಂಬದಿಯಲ್ಲಿ, ಸ್ವೆಟರ್ ಗಂಟುಗಳ ನಡುವೆ, ಒಬ್ಬ ಹೆಂಗಸು ಮುದುಡಿ ಕೂತಿದ್ದಳು. ಡೋಲ್ಕರ್. ಟಿಬೆಟಿಯನ್. ಹುಟ್ಟಿದ್ದು ಮುಂಡಗೋಡದ ನಿರಾಶ್ರಿತರ ಕ್ಯಾಂಪಿನಲ್ಲಿ. ಪ್ರತಿ ಚಳಿಗಾಲ ರೋಣದ ಬಸ್‌ಸ್ಟ್ಯಾಂಡ್ ಎದುರು ಸ್ವೆಟರ್ ಮಾರುತ್ತಾಳೆ. ನಮ್ಮ ಮಾತಿನಲ್ಲಿ ನಮಗಿಂತ ಚೆನ್ನಾಗಿ ಚೌಕಾಸಿ ಮಾಡುತ್ತಾಳೆ.

ಅಸೂಟಿ ಹತ್ತಿರ ರಸ್ತೆ ತುಂಬ ಕುರಿ ಹಿಂಡು!

ಬ್ರೇಕ್ ಒತ್ತಲಿಲ್ಲ. ಹಾರ್ನ್ ಒತ್ತಿದೆ. ಹಿಂಡು ಸೀಳಿತು... ಓಮ್ನಿ ನುಗ್ಗಿತು... ಹಿಂಡು ಮತ್ತೆ ಕೂಡಿಕೊಂಡಿತು. ಕುರಿಗಾರ ನನ್ನ ಹೆತ್ತವರನ್ನೆಲ್ಲ ಬೈದ. ಬಯ್ಯಲಿ! ಬೊಲೆರೊ ಕುರಿಗಳ ಮಧ್ಯೆ ಸಿಕ್ಕಿಬಿದ್ದಿತ್ತು.

ನಾನು ಅನ್ನಪೂರ್ಣ. ಗಜೇಂದ್ರಗಡದವಳು. ನಮ್ಮ ಮನೆಯವರು ಸೀರೆ ನೇಯುತ್ತಾರೆ. ನಾನು ಟೀವಿ ಚಾನೆಲ್‌ಗಳಿಗೆ ಜನರನ್ನು ಹುಡುಕಿ ಕೊಡುತ್ತೇನೆ. ಯಾಕೆ ಬೇಕು ಅಂತ ಕೇಳುವುದಿಲ್ಲ. ಈ ಸಲ ಕೇಳಬೇಕಾಯಿತು.

ಹಿಂದಿನ ದಿನ ಬೆಂಗಳೂರಿನಿಂದ ಎಡಿಟರ್ ಸುದೀಪ ಫೋನ್ ಮಾಡಿದ್ದ. "ಆ ಟಿಬೆಟಿಯನ್ ಹೆಂಗಸನ್ನ ಸ್ಟುಡಿಯೋಗೆ ಕರ್ಕೊಂಡು ಬನ್ನಿ. ಅದೇ ಮಾತು ಲೈವ್‌ನಲ್ಲಿ ಇನ್ನೊಂದ್ಸಲ ಹೇಳ್ಬೇಕು."

ಅದೇ ಮಾತು! ಅವನ ಚಾನೆಲ್ ತೋರಿಸಿದ ತುಣುಕಿನಲ್ಲಿ ಡೋಲ್ಕರ್ ಹೇಳುತ್ತಾಳೆ: "ಟಿಬೆಟ್ ಸ್ವಾತಂತ್ರ್ಯ ಚಳವಳಿ ಬರೇ ನಾಟಕ."

ಎದುರಾಳಿ ಚಾನೆಲ್‌ನಲ್ಲೂ ಅವಳೇ. ಅದೇ ಕೆಂಪು ಶಾಲು. ಹಿಂದೆ ಅದೇ ಸ್ವೆಟರ್ ರಾಶಿ. ಅಲ್ಲಿ ಹೇಳುತ್ತಾಳೆ: "ಬಂದೂಕು ಹಿಡಿಲಾರದ ಟಿಬೆಟ್ ಸಿಗಂಗಿಲ್ಲ."

ಒಂದು ಬಾಯಿ. ಎರಡು ಮಾತು. ಎರಡೂ ಕಡೆ ದುಡ್ಡು ತಿಂದಿದ್ದಾಳೆ ಅಂದುಕೊಂಡೆ. ರೋಣ ಬಿಡುವ ಮೊದಲೇ ಕೇಳಿದೆ.

"ಖರೇ ಹೇಳು. ನೀ ಯಾವುದು ಅಂದಿ?"

"ಎರಡೂ ಅಂದೀನ್ರಿ, ಅಕ್ಕಾರ."

"ಏನು?"

"'ಬರೇ ನಾಟಕ' ಅಂತ ಕೆಲವರು ಅಂತಾರ. 'ಬಂದೂಕು ಹಿಡಿಲಾರದ ಸಿಗಂಗಿಲ್ಲ' ಅಂತ ನಮ್ಮ ಹುಡುಗ್ರಾಗ ಕೆಲವರು ಅಂತಾರ. ಎರಡೂ ನಾ ಒಪ್ಪಂಗಿಲ್ಲ ಅಂದೆ. ನಮ್ಮಪ್ಪ ಹಿಮದಾಗ ನಡಕೊಂತ ಬಂದಾನ, ಅದು ನಾಟಕ ಅಲ್ಲ. ಪೂರಾ ಸ್ವಾತಂತ್ರ್ಯನ ಬೇಕೋ, ಆಡಳಿತ ಅಷ್ಟ ನಮ್ಮ ಕೈಗೆ ಬಂದ್ರ ಸಾಕೋ... ನಮ್ಮ ಮನ್ಯಾಗ ಇನ್ನೂ ಜಗಳ ನಡದತಿ. ಅದನ್ನ ಹಾಕ್ರಿ ಅಂದೆ. ಅದನ್ನ ಬಿಟ್ಟು ಉಳಿದದ್ದು ಹಾಕಿದ್ರು."

ಚಲೋ ಕಥೆ. ನಂಬಬೇಕೇ? ನನ್ನ ಕಸುಬಿನಲ್ಲಿ ಅಳುವವರನ್ನು ನಂಬಬಾರದು. ಇವಳು ಅಳುತ್ತಿರಲಿಲ್ಲ. ಅದಕ್ಕೇ ಅನುಮಾನ ಇನ್ನೂ ಜಾಸ್ತಿಯಾಯಿತು!

ಬೆಂಗಳೂರಿಗೆ ಹೋಗಬೇಕಾದವಳು ನರಗುಂದಕ್ಕೆ ಹೊರಟಿದ್ದು ಅದಕ್ಕೇ. ಆ ಇಂಟರ್‌ವ್ಯೂ ಶೂಟ್ ಮಾಡಿದ ರಘೂತ್ತಮನ ಸ್ಟುಡಿಯೋ ಅಲ್ಲಿದೆ. ಮದುವೆ ವಿಡಿಯೋ ಅವನ ಕಸುಬು. ಸುದ್ದಿ ಮೇಲಾದಾಯ.

ನಮ್ಮನ್ನು ನೋಡಿದ್ದೇ ಅವನ ಮುಖ ಇಳಿಯಿತು. ಚಹಾ ಹೇಳಿ ಬರುತ್ತೇನೆಂದು ಹೊರಗೆ ಹೋಗಿ ಬಂದ, ಬಂದವನೇ ಶಟರ್ ಎಳೆದ. ಚಹಾ ಬರಲಿಲ್ಲ.

"ಒರಿಜಿನಲ್ ತೆಗಿ, ರಘೂತ್ತಮ."

"ಡಿಲೀಟ್ ಆಗೇದ, ಅನ್ನಪೂರ್ಣಕ್ಕ."

"ಎರಡೂ ಚಾನೆಲ್ಲಿಗೆ ಮಾರೀದಿ ಅಂತ ಎರಡೂ ಚಾನೆಲ್ಲಿಗೆ ಹೇಳ್ಲೇನು?"

ಡಿಲೀಟ್ ಆಗಿದ್ದ ಮೆಮೊರಿ ಕಾರ್ಡು ಡ್ರಾಯರಿನಿಂದ ಹೊರಗೆ ಬಂತು!

ಪೂರ್ತಿ ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಕಂಪ್ಯೂಟರನ್ನೂ ಜಾಲಾಡಿದೆ. ಕಳಿಸಿದ ಎರಡು ತುಣುಕು ಬಿಟ್ಟರೆ ಬೇರೆ ಕಾಪಿ ಇರಲಿಲ್ಲ.

"ಗೆದ್ದಿ! ಇದನ್ನ ಪೂರಾ ಹಾಕಿದ್ರ ಯಾರೂ ತುಟಿ ಬಿಚ್ಚಂಗಿಲ್ಲ" ಎಂದೆ.

ಡೋಲ್ಕರ್ ಪರದೆಗೆ ಕೈ ಅಡ್ಡ ಹಿಡಿದಳು. ವಿಡಿಯೋದ ನಡುವೆ, ಮಾತಿನ ಭರದಲ್ಲಿ, ತನ್ನ ದೊಡ್ಡವ್ವನ ಹೆಸರು ಹೇಳಿಬಿಟ್ಟಿದ್ದಳು. ಊರಿನ ಹೆಸರೂ. ಕದ್ದು ಫೋನ್ ಮಾಡಿ ಅಲ್ಲಿಯ ಸುದ್ದಿ ತಿಳಿಸುವ ಮುದುಕಿ. ಇನ್ನೂ ಟಿಬೆಟಿನೊಳಗೇ ಇದ್ದಾಳೆ.

"ಇದು ಹೊರಗ ಬಿದ್ರ ಅಲ್ಲಿ ಪೊಲೀಸ್ರು ಆಕಿನ್ನ ಎತ್ತಿ ಒಯ್ತಾರ್ರಿ..."

ಶಟರ್ ದಡಾರನೆ ಮೇಲೆದ್ದಿತು!

ಇಬ್ಬರು. ಒಬ್ಬನ ಪ್ಯಾಂಟಿಗೆ ಕುರಿ ಉಣ್ಣೆ ಅಂಟಿತ್ತು. ಇನ್ನೊಬ್ಬ ಮೊಬೈಲ್ ಎತ್ತಿ ಶೂಟ್ ಮಾಡುತ್ತಲೇ ಒಳಗೆ ಬಂದ.

"ಸುದೀಪ ಸರ್ ಕಳಿಸ್ಯಾರ್ರಿ. ಕಾರ್ಡ್ ಕೊಡ್ರಿ."

ಬೊಲೆರೊ ಎದುರಾಳಿಗಳದು ಅಂದುಕೊಂಡಿದ್ದೆ, ಅದು ಸುದೀಪನ ಚಾನೆಲ್‌ನದೇ! ರಘೂತ್ತಮ ನೆಲ ನೋಡಿದ. ಚಹಾ ಯಾರಿಗೆ ಹೇಳಿ ಬಂದಿದ್ದ ಅಂತ ಆಗ ತಿಳಿಯಿತು.

ನನ್ನ ಫೋನ್ ಹೊಡೆದುಕೊಂಡಿತು. ಸುದೀಪ.

"ಅವಳ ದೊಡ್ಡಮ್ಮ ಅಲ್ಲೇ ಇದಾಳಂತೆ? ಹೆಸರು, ಊರು ಎಲ್ಲ ಇದೆಯಂತೆ? ಎಕ್ಸ್‌ಕ್ಲೂಸಿವ್ ಮೇಡಂ!"

"ಮುದುಕಿ ಸಾಯ್ತಾಳ್ರಿ."

"ಪೂರ್ತಿ ಹಾಕಿದ್ರೆ ಇವಳ ಹೆಸರು ಕ್ಲಿಯರ್ ಆಗುತ್ತಲ್ವಾ? ನೀವೇ ಯೋಚನೆ ಮಾಡಿ."

ಹಾಳಾದವನು... ಅದೊಂದು ಮಾತು ಸರಿಯಾಗಿಯೇ ಹೇಳಿದ್ದ. ಡೋಲ್ಕರ್ ಕಿವಿಯಲ್ಲಿ ಪಿಸುಗುಟ್ಟಿದೆ. "ದೊಡ್ಡವ್ವನ ಮಾತಷ್ಟ ತಗದು ನಾವ ಹಾಕೂಣು."

"ಒಂದು ಮಾತು ತಗದ್ರೂ ಕತ್ತರಿಸ್ಯಾರ ಅಂತಾರ್ರಿ. ಆಮ್ಯಾಲ ಯಾರು ನಂಬತಾರ?"

ಉಣ್ಣೆಯವನು ಕೈ ಚಾಚಿದ. ನಾನು ಟ್ರೈಪಾಡ್ ಎತ್ತಿ ಅವನ ಎದೆಗೆ ಒತ್ತಿ ಹಿಡಿದೆ.

ಡೋಲ್ಕರ್ ಓಡಲಿಲ್ಲ. ಮೇಜಿನ ಮೇಲೆ ಫೋಟೊ ಕತ್ತರಿಸುವ ಕಟರ್ ಇತ್ತು. ಕಾರ್ಡನ್ನು ಕಂಪ್ಯೂಟರಿನಿಂದ ಕಿತ್ತು ಅದರ ಬಾಯಿಗಿಟ್ಟಳು. ಬ್ಲೇಡ್ ಇಳಿಸಿದಳು.

ಕಟ್!

ಅವಳಿಗಿದ್ದ ಒಂದೇ ಒಂದು ಸಾಕ್ಷಿ. ಅವಳದೇ ಕೈಯಿಂದ...

ಮರುದಿನ ರೋಣದಲ್ಲಿ ಮತ್ತೆ ಸ್ವೆಟರ್ ಹರವಿದಳು. ಕ್ಯಾಂಪಿನಿಂದ ಹಿರಿಯರು ಫೋನ್ ಮಾಡಿದರು. ಕೆಲವರು ನಂಬಿದರು. ಕೆಲವರು ಇವತ್ತಿಗೂ ಇಲ್ಲ. ನಾನು ಕಣ್ಣಾರೆ ನೋಡಿದ್ದೇನೆ ಎಂದರೆ ಪ್ರೂಫ್ ಎಲ್ಲಿದೆ ಎನ್ನುತ್ತಾರೆ. ನನ್ನ ಕೆಲಸ ಹೋಯಿತು ಅಂತ ಬೇರೆ ಹೇಳಬೇಕಿಲ್ಲವಲ್ಲ!

ಕಾರ್ಡು ತುಂಡಾದ ದಿನ ಸಂಜೆಯೇ ಸುದೀಪನ ಚಾನೆಲ್ಲಿನಲ್ಲಿ ಕೆಂಪು ಪಟ್ಟಿ ಓಡಿತು: 'ಸಾಕ್ಷ್ಯ ನಾಶ ಮಾಡಿದ ಟಿಬೆಟ್ ಮಹಿಳೆ!'

ಇಡೀ ಪ್ರಕರಣದಲ್ಲಿ ಅವರು ತೋರಿಸಿದ ಒಂದೇ ಒಂದು ನಿಜವಾದ ಸುದ್ದಿ ಅದು.