ಹಾಸಿದ ಅಂಗಿ

"ಮೈಮೇಲೆ ಹಾಕ್ಕೊಂಡ ಬಟ್ಟೇನ ಮಾತ್ರ ಇದಕ್ಕೆ ಹಾಸಬೇಡಪ್ಪ," ಎಂದಳು ದರ್ಜಿ ಅಜ್ಜಿ, ಬುಟ್ಟಿಯ ಮುಚ್ಚಳಕ್ಕೆ ದಾರ ಬಿಗಿಯುತ್ತಾ. "ನನ್ನ ತಮ್ಮನಿಗೆ ಯಾರೋ ಮಾಡಿಸಿದ ಮಾಟ ಇದರೊಳಗೆ ಉಳಿದಿದೆ. ಯಾರ ವಾಸನೆ ಮೇಲೆ ಮಲಗುತ್ತೋ ಅವರ ಮೈಯನ್ನೇ ಕೇಳುತ್ತೆ. ಗೋಣಿಚೀಲ ಸಾಕು ಇದಕ್ಕೆ."

ಬೀಗ ರಿಪೇರಿಯವನು ನಕ್ಕುಬಿಟ್ಟ. "ಕೇಳಿದ್ರೆ ಕೊಟ್ಟೇಬಿಡ್ತೀನಿ ಬಿಡಜ್ಜಿ. ಈ ಸೊಂಟನೋವು ಸ್ವಲ್ಪ ದಿನ ಅದೇ ಅನುಭವಿಸಲಿ."

ಅಜ್ಜಿ ನಗಲಿಲ್ಲ. ಬುಟ್ಟಿಯೊಳಗೆ ಅಳುತ್ತಿದ್ದ ಬೆಕ್ಕು ಮಾತ್ರ ತಟ್ಟನೆ ಸುಮ್ಮನಾಯಿತು.

ಮಗನ ಮನೆಗೆ ಹೊರಟಿದ್ದ ಅಜ್ಜಿ ಅದನ್ನು ಬಿಟ್ಟುಹೋಗುವವಳಿದ್ದಳು. ಇವನಿಗೋ ಅದು ಬೇಕೇ ಬೇಕಿತ್ತು. ತಾಯಿ ತೀರಿಕೊಂಡ ಮೇಲೆ ಮುಖ ಗಂಟಿಕ್ಕಿಕೊಂಡೇ ಇದ್ದ ಮಗಳು ಈ ಬೂದು ಬೆಕ್ಕನ್ನು ಕಂಡು ಒಮ್ಮೆ ನಕ್ಕಿದ್ದಳು. ಆ ನಗುವಿಗಾಗಿ ಪುಣ್ಯಾತ್ಮ ಹುಲಿಯನ್ನಾದರೂ ತರುತ್ತಿದ್ದ.

ಹೊಸ ಬೆಕ್ಕಿಗೆ ಮೊದಲು ಒಂದೇ ಕೋಣೆ ಅಭ್ಯಾಸವಾಗಬೇಕು, ಆಮೇಲೆ ಇಡೀ ಮನೆ. ಅದು ಅವನಿಗೆ ಗೊತ್ತಿತ್ತು. ಅಂಗಡಿಯ ಹಿಂದೆ ಕಿಟಕಿಯಿಲ್ಲದ ಸಾಮಾನಿನ ಕೋಣೆಯಿತ್ತು, ತುಕ್ಕು ಹಿಡಿದ ಬೀಗಗಳು, ಎಣ್ಣೆಯ ವಾಸನೆ. ಮರಳಿನ ತಟ್ಟೆ ಇಟ್ಟ, ನೀರಿಟ್ಟ, ಗೋಣಿ ಹಾಸಿದ. ಬಾಗಿಲಿಗೆ ಹೊರಗಿನಿಂದ ತಾನೇ ಹೊಸ ಚಿಲಕ ಜಡಿದ.

"ನೋಡು ಪುಟ್ಟಿ, ಎಷ್ಟೇ ಅತ್ತರೂ ಚಿಲಕ ತೆಗೀಬೇಡ. ಓಡಿಹೋದ್ರೆ ಮತ್ತೆ ಸಿಗಲ್ಲ."

"ನಿನ್ನಾಣೆ ತೆಗೆಯಲ್ಲಪ್ಪಾ," ಎಂದು ಅವಳು ಅವನ ತಲೆ ಮುಟ್ಟಿದಳು.

ಬೆಕ್ಕು ಗೋಣಿಯ ಹತ್ತಿರವೂ ಸುಳಿಯಲಿಲ್ಲ, ಅನ್ನ ಮೂಸಲಿಲ್ಲ, ಒಂದೇ ಸಮನೆ ಅತ್ತಿತು. ಮಗಳ ಮುಖ ಮತ್ತೆ ಸಪ್ಪೆಯಾಯಿತು. ಅದನ್ನು ಅವನಿಂದ ನೋಡಲಾಗಲಿಲ್ಲ. ಬೆವರಿನಿಂದ ಒದ್ದೆಯಾದ ಅಂಗಿ ಬಿಚ್ಚಿ ಮೂಲೆಯಲ್ಲಿ ಹಾಸಿದ. "ಯಜಮಾನನ ವಾಸನೆ ಹಿಡಿದ್ರೆ ಬೇಗ ಒಗ್ಗಿಕೊಳ್ಳುತ್ತೆ. ಅಜ್ಜಿಗೆ ಅರಳುಮರಳು."

ಬೆಕ್ಕು ಅಂಗಿಯನ್ನು ಮೂಸಿತು. ಪಂಜಗಳಿಂದ ತುಳಿದು ತುಳಿದು ಮೆತ್ತಗೆ ಮಾಡಿಕೊಂಡಿತು. ಕಾಲರಿನ ಮೇಲೆ ಗಲ್ಲವಿಟ್ಟು, ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಾ ಮಲಗಿತು.

ಮರುದಿನ ಮಗಳು ಶಾಲೆಗೆ ಹೋದ ಮೇಲೆ ಅವನು ಹಾಲಿನ ಬಟ್ಟಲು ಹಿಡಿದು ಒಳಗೆ ಹೋದ. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಬಲ್ಬು ಆರಿತು. ಸುಟ್ಟ ಕೂದಲಿನ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಅವನದೇ ಬೆವರು. ನಾಲ್ಕೂ ಗೋಡೆಯಿಂದ ಬರುತ್ತಿತ್ತು.

ಬಟ್ಟಲು ಜಾರಿತು. ಹಿಡಿಯಲು ಹೋದ. ಬೆರಳುಗಳು ಮಡಚಿಕೊಳ್ಳಲಿಲ್ಲ. ಕತ್ತಲೆಯಲ್ಲಿ ಯಾರೋ ಕೆಮ್ಮಿದರು. ಅವನದೇ ಕೆಮ್ಮು. ಯಾರೋ ಗುಂಡಿ ಹಾಕಿಕೊಳ್ಳುತ್ತಿದ್ದರು, ಒಂದೊಂದಾಗಿ, ಹೊಸದಾಗಿ ಕಲಿಯುವವರಂತೆ. ಅವನು ಬಾಗಿಲಿಗೆ ಹಾರಿದ. ಬಾಗಿಲು ಬೆಟ್ಟದಷ್ಟು ಎತ್ತರವಿತ್ತು.

ಬೆಳಕು ಬಿರಿಯಿತು. ಅವನ ಅಂಗಿ ತೊಟ್ಟ ಅವನದೇ ಬೆನ್ನು ಸೊಂಟ ಹಿಡಿದುಕೊಂಡು ಹೊರಗೆ ನಡೆಯಿತು. ನುಗ್ಗಿದ. ತಡವಾಗಿತ್ತು. ಹೊರಗೆ ಚಿಲಕ ಬಿತ್ತು. ಊರಿನ ಬೀಗಗಳನ್ನೆಲ್ಲ ತೆಗೆದ ಬೆರಳುಗಳು ಈಗ ಆ ಕಡೆ ಇದ್ದವು.

ಎಷ್ಟು ಹೊತ್ತು ಕೆರೆದನೋ. ಸಂಜೆ ಮಗಳ ಚಪ್ಪಲಿಯ ಸದ್ದು ಕೇಳಿಸಿತು. ಜೀವ ಬಂದಂತಾಯಿತು. ಅಯ್ಯೋ ಮಗಳೇ, ಅದು ನಿನ್ನಪ್ಪನಲ್ಲ, ಓಡು, ಎಂದು ಗಂಟಲು ಹರಿಯುವಂತೆ ಕೂಗಿದ. ಹೊರಬಂದದ್ದು ಬೆಕ್ಕಿನ ಅಳು.

"ಅಪ್ಪಾ, ಯಾಕೆ ಇವತ್ತು ಇಷ್ಟೊಂದು ಅಳ್ತಿದೆ? ಒಂದ್ಸಲ ನೋಡ್ಲಾ?"

"ಬೇಡ ಪುಟ್ಟಿ," ಎಂದಿತು ಅವನದೇ ದನಿ. "ಹೊಸ ಜಾಗ ಅಲ್ವಾ. ಆಮೇಲೆ ಒಗ್ಗಿಕೊಳ್ಳುತ್ತೆ."

"ಹೂಂ. ನಿನ್ನಾಣೆ ಇಟ್ಟಿದ್ದೀನಲ್ಲ, ತೆಗೆಯಲ್ಲ."

ಬಾಗಿಲ ಸಂದಿಗೆ ಕಿವಿಯೊತ್ತಿ ಅವನು ಉಸಿರು ಹಿಡಿದ.

"ಅಪ್ಪಾ," ಎಂದಳು ಮಗಳು ಮೆಲ್ಲಗೆ, "ನನ್ನ ಕುತ್ತಿಗೆ ಯಾಕೆ ಹಂಗೆ ಮೂಸ್ತಿದ್ದೀಯಾ?"