ಎರಡು ಹಲ್ಲು ಹೆಚ್ಚಾದ ಚಕ್ರ

ಕೀ ತಿರುಗಿಸಿದೆ. ಕರ್ರ್... ಕರ್ರ್... ಎಂಜಿನ್ ಹತ್ತಲಿಲ್ಲ!

ಎದುರಿಗೆ ಭರಮಪ್ಪ. ಕೈಯಲ್ಲಿ ಮೊಳದುದ್ದದ ಸ್ಪ್ಯಾನರು, ನಮ್ಮ ಕಡೆಯ ಪಾನಾ. ಇಚಲಕರಂಜಿಯ ಅರ್ಧ ಪವರ್‌ಲೂಮುಗಳ ರಿಪೇರಿ ಇವನದೇ. ನಿನ್ನೆಯಿಂದ ಇವನ ವರ್ಕ್‌ಶಾಪಿನ ಅಂಗಳದಲ್ಲೇ ನಿಂತಿದ್ದ ನನ್ನ ಕಾರಿಗೆ ಬೆಲ್ಟ್ ಹಾಕಿದವನೂ ಇವನೇ.

ಹಿಂದಿನ ಸೀಟಿನಲ್ಲಿ, ಧೋತರದ ಗಂಟುಗಳ ಕೆಳಗೆ ಅವನ ಮಗಳು ಸಾರಿಕಾ!

ನನ್ನ ದಂಧೆಯೇ ಇದು, ಸ್ವಾಮಿ. ಮನೆಯವರು ಒಪ್ಪದ ಜೋಡಿಗಳನ್ನು ದಡ ಮುಟ್ಟಿಸುವುದು. ಅವಳ ಹುಡುಗ, ಗಡಹಿಂಗ್ಲಜದ ಮಹಾವೀರ, ಕೊಲ್ಹಾಪುರದ ಮದುವೆ ನೋಂದಣಿ ಕಚೇರಿಯಲ್ಲಿ ಕಾಯುತ್ತಿದ್ದ. ಎರಡು ಗಂಟೆಗೆ ಸಹಿ. ತಪ್ಪಿದರೆ ನಾಳೆ ಸಾರಿಕಾಳಿಗೆ ಬೇರೆಯವನೊಂದಿಗೆ ನಿಶ್ಚಿತಾರ್ಥ.

ಆಗಲೇ ಹನ್ನೆರಡು!

"ಯಾಕ, ಹತ್ತವಲ್ದೇನ?"

"ನೀನ ಏನೋ ಮಾಡೀದಿ, ಕಾಕಾ!"

"ನಾನ? ಬೆಲ್ಟಿನ ಪುಲ್ಲಿ ಹಿಂದಿನ ಚಕ್ರದಾಗ ಎರಡು ಹಲ್ಲ ಮುರದಿದ್ದೂ. ಪುಕ್ಕಟ ವೆಲ್ಡಿಂಗ್ ಮಾಡಿ ಹಚ್ಚೇನಿ!"

ಫೋನ್ ನಡುಗಿತು. ಗಂಟಿನ ಕೆಳಗಿನಿಂದ ಮೆಸೇಜು! ಸಾರಿಕಾ ಆಟೊಮೊಬೈಲ್ ಡಿಪ್ಲೊಮಾ ಓದಿದವಳು. ಅವಳು ಟೈಪ್ ಮಾಡಿದಳು, ನಾನು ಪಂಡಿತನಾದೆ.

"ಕಾಕಾ, ಅವು ಮುರದಿದ್ದಿಲ್ಲ. ಕಂಪನಿಯವರ ಬಿಟ್ಟಾರ. ಆ ಖಾಲಿ ಜಾಗಾ ಸೆನ್ಸರ್ ಮುಂದ ಬಂದ್ರನ ಪಿಸ್ಟನ್ ಎಲ್ಲೈತಿ ಅಂತ ಕಂಪ್ಯೂಟರಿಗೆ ತಿಳಿಯೂದು. ಅಲ್ಲಿಂದ ಹಲ್ಲು ಎಣಿಸಿ, ಬರೋಬ್ಬರಿ ವ್ಯಾಳ್ಯಾಕ್ಕ ಇಂಜೆಕ್ಟರ್ ತಗದು ಪೆಟ್ರೋಲ್ ಹೊಡೀತೈತಿ. ನೀ ಆ ಜಾಗಾನ ಮುಚ್ಚಿದಿ. ಪಾಪ, ಅದು ಎಲ್ಲಿಂದ ಎಣಿಸಬೇಕು?"

ಭರಮಪ್ಪ ಕೆಂಪಾದ. ಪಾನಾ ಮೇಲೆದ್ದಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ನನ್ನ ಕೆಲಸದಾಗ ತಪ್ಪ ಹುಡುಕ್ತೀ?"

ಮತ್ತೆ ಮೆಸೇಜು: 'ಇನ್ನೂ ಕೆಣಕ್ರಿ!'

"ಮಗ್ಗದಾಂವಗ ಕಾರ್ ಏನ ತಿಳೀತೈತಿ, ಬಿಡು. ಹಾತಕಣಂಗಲೆಯಿಂದ ಮೆಕ್ಯಾನಿಕ್ ಕರಸ್ತೇನಿ."

"ಹಾತಕಣಂಗಲೆದಾಂವಾ?! ಸರಿ ಆಕಡೆ!"

ಜಾಕ್ ಏರಿತು. ಮುಂದಿನ ಗಾಲಿ ಕಳಚಿತು. ಗ್ರೈಂಡರಿನ ಕಿಡಿ ಹಾರಿತು. ಒಂದು ಹಲ್ಲು ಹೋಯಿತು... ಇನ್ನೊಂದೂ ಹೋಯಿತು!

"ಹಿಂದ ಇಷ್ಟ್ಯಾಕ ಭಾರ ಐತಿ?"

"ಧೋತರ, ಕಾಕಾ."

ಧೋತರ ಸೀನಿತು!

ನಾನೂ ಸೀನಿದೆ. ಗಟ್ಟಿಯಾಗಿ, ಮೂರು ಸಲ. ಭರಮಪ್ಪ ನನ್ನನ್ನೇ ನೋಡಿದ. ಗಾಲಿ ಕೂರಿಸಿ ನಟ್ಟು ಬಿಗಿದ.

"ಈಗ ಹಚ್ಚು!"

ಭರ್ರ್! ಒಂದೇ ಏಟಿಗೆ!

"ನೋಡಿದ್ಯಾ? ಇದು ಭರಮಪ್ಪನ ಕೈ!" ಅವನು ಎದೆ ತಟ್ಟಿಕೊಂಡ. ನಾನು ಗೇರ್ ಹಾಕಿದೆ.

ಗೇಟು ದಾಟಿದೆವು. ಸಾರಿಕಾಳಿಗೆ ತಡೆಯಲಾಗಲಿಲ್ಲ. ಗಂಟು ಸರಿಸಿ ಕಿಟಕಿಯಿಂದ ತಲೆ ಹೊರಹಾಕಿದಳು. ಅವಳ ಕಣ್ಣು ತುಂಬಿತ್ತು.

"ಅಪ್ಪಾ! ಭಾಳ ಚಲೋ ಮಾಡಿದಿ!"

ಕನ್ನಡಿಯಲ್ಲಿ ಭರಮಪ್ಪ ಜೀಪಿಗೆ ಹಾರಿದ. ಬೆನ್ನು ಹತ್ತಿದ!

ಆದರೆ ನಾವು ಅವನಿಗೆ ಸಿಗುವುದಿಲ್ಲ, ಸ್ವಾಮಿ... ಅವನು ಕೆಲಸ ಅಷ್ಟು ಚೆನ್ನಾಗಿ ಮಾಡಿದ್ದ!