ಕೈಗೆ ತಡೆದದ್ದು

ಹೊಲಿಗೆಯಂಗಡಿಯ ಒಳಕೋಣೆಯಲ್ಲಿ ಮೂವರು ನಿಂತಿದ್ದರು: ಒಡತಿ, ಗುಂಡಿ ಹೊಲಿಯುವವಳು, ಇಸ್ತ್ರಿಯವನು. ಎದುರಿಗೆ ಬೊಂಬೆಗೆ ತೊಡಿಸಿದ್ದ ಬಿಳಿ ರೇಷ್ಮೆಯ ಮದುವೆ ಉಡುಪು. ಎದೆಯಿಂದ ಸೊಂಟದವರೆಗೆ ಉದ್ದಕ್ಕೆ ಒಂದು ಗೀರು. ಬಟ್ಟೆ ಹರಿದಿರಲಿಲ್ಲ, ಎಳೆಗಳು ಮೇಲೆದ್ದು ಸಣ್ಣ ಕುಣಿಕೆಗಳಾಗಿ ನಿಂತಿದ್ದವು. ಸಂಜೆ ಮದುಮಗಳ ಮನೆಯವರು ಅದನ್ನು ಒಯ್ಯಲು ಬರುವವರಿದ್ದರು.

ಚಿಕ್ಕಮ್ಮ ತನ್ನ ಕೋಟನ್ನು ಸರಿಮಾಡಿಸಲು ಬಂದಿದ್ದಳು, ಜೊತೆಗೆ ನಾನು. ವಿಮಾ ಕಂಪನಿಗಾಗಿ ಹಾಳಾದ ಸರಕನ್ನು ಪರೀಕ್ಷಿಸುವುದು ಅವಳ ಕೆಲಸ. ಹಾಳಾದ ವಸ್ತು ಕಂಡರೆ ಅವಳ ಕಾಲು ತಾನಾಗಿ ನಿಲ್ಲುತ್ತದೆ.

"ಯಾರು ಮೊದಲು ನೋಡಿದ್ದು?" ಎಂದು ಕೇಳಿದಳು.

"ನಾನೇ ಕಣೇ," ಎಂದಳು ಅಂಗಡಿಯ ಒಡತಿ. ಇಬ್ಬರೂ ಶಾಲೆಯಿಂದ ಗೆಳತಿಯರು. "ಬಂದವಳೇ ಮುಸುಕು ತೆಗೆದು ಹೀಗೆ ಕೈ ಸವರಿದೆ. ಏನೋ ತಡೀತು. ದೀಪ ಹಾಕಿ ನೋಡ್ತೀನಿ— ಎದೆ ಧಸಕ್ ಅಂತು."

"ನಿನಗಿಂತ ಮೊದಲು ಒಳಗೆ ಬಂದವರು?"

"ಇನ್ಯಾರು? ಬಾಗಿಲು ತೆಗೆಯೋಳು, ಗುಡಿಸೋಳು ಎಲ್ಲಾ ಇವಳೇ. ಅವಳ ಕೈ ನೋಡು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನಾಳೆಯಿಂದ ಬರಬೇಡ ಅಂದಿದ್ದೀನಿ."

'ಇವಳು' ಅಂದರೆ ಗುಂಡಿಯಕ್ಕ. ಅಂಗಡಿಯ ಗುಂಡಿ, ಕೊಕ್ಕೆಗಳನ್ನೆಲ್ಲ ಹೊಲಿಯುವವಳು. ಚಳಿಗೆ ಅವಳ ಬೆರಳ ತುದಿಗಳು ಒಡೆದಿದ್ದವು. ಎಣ್ಣೆ ಸವರಿ, ಒಂದೊಂದಕ್ಕೂ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದಳು.

"ಬೆರಳು ಒಡೆದಾಗಿಂದ ರೇಷ್ಮೆ ಹತ್ರ ಹೋಗಿಲ್ಲ," ಎಂದಳು ಅವಳು. "ದಪ್ಪ ಕೋಟುಗಳದ್ದೇ ಮಾಡ್ತಿದ್ದೀನಿ. ಆದ್ರೂ ನನ್ನ ಹೆಸರಲ್ಲೇ ಗುಂಡಿ ಇದೆಯಲ್ಲ, ಬೇರೆಯವರು ತೋಡೋದೇ ಬೇಡ."

ಇಸ್ತ್ರಿಯವನು ನಗಲು ಹೋಗಿ ಒಡತಿಯ ಮುಖ ನೋಡಿ ಕೆಮ್ಮಿದ.

"ನೀನು?" ಎಂದಳು ಚಿಕ್ಕಮ್ಮ.

"ನಿನ್ನೆ ಇಸ್ತ್ರಿ ಮಾಡಿ ಮುಸುಕು ಹಾಕುವಾಗ ಹಾಲಿನ ಕೆನೆ ಇದ್ದ ಹಾಗಿತ್ತು, ಅಮ್ಮ. ನಾನೂ ಬೆರಳು ಕೇಳೇ ಮುಟ್ಟಿದ್ದು."

"ಬೆರಳು ಕೇಳೋದಾ?"

ಬಾಗಿಲ ಪಕ್ಕದ ಮೊಳೆಗೆ ರೇಷ್ಮೆಯ ತುಂಡೊಂದು ನೇತಾಡುತ್ತಿತ್ತು. ಒಳ್ಳೆಯ ಬಟ್ಟೆ ಮುಟ್ಟುವ ಮೊದಲು ಅದರ ಮೇಲೆ ಬೆರಳಾಡಿಸಬೇಕು. ತಡೆದರೆ ಆ ದಿನ ರೇಷ್ಮೆ ಕೆಲಸವಿಲ್ಲ. ಅದಕ್ಕೆ ಅಂಗಡಿಯಲ್ಲಿ 'ಬೆರಳು ಕೇಳುವುದು' ಎನ್ನುತ್ತಿದ್ದರು.

"ನಾನು ತಂದ ನಿಯಮ," ಎಂದಳು ಒಡತಿ. "ಯಾರಿಗೂ ವಿನಾಯಿತಿ ಇಲ್ಲ."

ಚಿಕ್ಕಮ್ಮ ತುಂಡನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಳು. "ಹಾಗಾದ್ರೆ ಕೇಳೋಣ. ಗುಂಡಿಯಕ್ಕ, ಪಟ್ಟಿ ಬಿಚ್ಚಮ್ಮ."

ಒಡೆದ ಬೆರಳು ಸವರಿದ ಕಡೆಯೆಲ್ಲ ನವಿರಾದ ಜುಂಗು ಎದ್ದಿತು. ಅದರ ಕೆಳಗೆ ಎಣ್ಣೆಯ ಮಸುಕು ಕಲೆ.

"ನೋಡಿದ್ಯಾ?" ಎಂದಳು ಒಡತಿ.

"ನೋಡಿದೆ. ಉಡುಪಿನ ಮೇಲೆ ಎಣ್ಣೆ ಎಲ್ಲಿ?"

"...ತೊಳೆದುಕೊಂಡು ಮುಟ್ಟಿರಬಹುದು."

"ಆಗಲೂ ಜುಂಗು ಏಳಬೇಕಲ್ಲ? ಒಡೆದ ಚರ್ಮ ಹತ್ತು ಕಡೆ ತರಚುತ್ತೆ. ಇಲ್ಲಿರೋದು ಒಂದೇ ಗೆರೆ. ಇದು ಚರ್ಮದ ಕೆಲಸ ಅಲ್ಲ— ಉಗುರಿನದು."

ಗುಂಡಿಯಕ್ಕನ ಉಗುರುಗಳು ಬೆರಳ ಮಟ್ಟಕ್ಕೆ ಗುಂಡಗೆ ಸವೆದಿದ್ದವು. ಇಸ್ತ್ರಿಯವನ ಕೈಯೂ ತುಂಡಿನ ಮೇಲೆ ಸದ್ದಿಲ್ಲದೆ ಜಾರಿತು. ಹಬೆಯಲ್ಲಿ ಬೆಂದು ಅವನ ಬೆರಳುಗಳು ಹೊಳೆಗಲ್ಲಿನಷ್ಟು ನುಣುಪಾಗಿದ್ದವು.

"ಇನ್ನೊಂದು ಕೈ ಉಳೀತು," ಎಂದಳು ಚಿಕ್ಕಮ್ಮ.

ಒಡತಿ ನಕ್ಕಳು. "ನಂದಾ? ಬೆಣ್ಣೆ ಕಣೇ ನನ್ನ ಕೈ." ನಗುತ್ತಲೇ ತುಂಡಿನ ಮೇಲೆ ಕೈಯೆಳೆದಳು.

ಚರಕ್.

ತುಂಡಿನ ಮೇಲೆ ಉದ್ದಕ್ಕೆ ಒಂದೇ ಗೀರು ಎದ್ದಿತು. ಮೂಲೆಯ ಇಸ್ತ್ರಿಪೆಟ್ಟಿಗೆ ಬುಸ್ಸೆಂದು ಹಬೆ ಬಿಟ್ಟಿತು. ಇಂಥ ಗಳಿಗೆಗಳಲ್ಲಿ ನನಗೆ ಎಲ್ಲಿಯಾದರೂ ಅಡಗಿಕೊಳ್ಳಬೇಕೆನಿಸುತ್ತದೆ. ಚಿಕ್ಕಮ್ಮನಿಗೆ ಅದೇ ಕೆಲಸದ ಹೊತ್ತು.

"ನಡುಬೆರಳು ತೋರಿಸು. ಬೇರೆ ಉಗುರೆಲ್ಲ ದುಂಡಗಿದೆ, ಇದೊಂದು ಚಪ್ಪಟೆ. ಯಾವಾಗ ಕತ್ತರಿಸಿದೆ?"

"ಬೆಳಿಗ್ಗೆ," ಎಂದಳು ಒಡತಿ, ದನಿ ತಗ್ಗಿತ್ತು. "ಹೊರಡುವಾಗ ಮನೆ ಗೇಟಿಗೆ ಸಿಕ್ಕಿ ಮುರೀತು. ಇಲ್ಲಿಗೆ ಬಂದ ಕೂಡಲೇ ಮೇಜಿನ ಮೇಲಿದ್ದ ಕತ್ತರೀಲಿ ಕತ್ತರಿಸ್ದೆ..."

"ಬಟ್ಟೆ ಕತ್ತರಿ. ಅದು ನೇರ ಹೋಗುತ್ತೆ, ಉಗುರು ಬಾಗಿರುತ್ತೆ. ಪಕ್ಕದಲ್ಲಿ ಚೂಪು ಮೂಲೆ ಉಳೀತು. ಆದ್ರೆ ನನಗೆ ಅನುಮಾನ ಬಂದಿದ್ದು ಉಗುರು ನೋಡಿ ಅಲ್ಲ, ನಿನ್ನ ಮಾತಿಂದ. ಕೈ ಸವರಿದೆ, ಏನೋ ತಡೀತು, ಆಮೇಲೆ ದೀಪ ಹಾಕಿದೆ ಅಂದೆ. ಕೈಗೆ ತಡೆದದ್ದು ಗೀರು ಅಂತ ನೀನು ಅಂದ್ಕೊಂಡೆ. ನಾವೆಲ್ಲ ಹಾಗೇ ಅಂದ್ಕೊಂಡ್ವಿ. ಆ ಗಳಿಗೆಗೆ ಮೊದಲು ಗೀರೇ ಇರಲಿಲ್ಲ. ಅದು ಬಿದ್ದಿದ್ದೇ ಆಗ. ಕಳ್ಳನನ್ನ ಹಿಡಿದುಕೊಟ್ಟಿದ್ದೂ ನೀನೇ, ಕಳ್ಳನೂ ನೀನೇ."

ಒಡತಿ ಸ್ಟೂಲಿನ ಮೇಲೆ ಕುಳಿತಳು.

ಮೊದಲು ಅಲುಗಿದ್ದು ಗುಂಡಿಯಕ್ಕ. ಡಬ್ಬಿಯಿಂದ ತೆಳುವಾದ ಮರಳುಕಾಗದದ ಚೂರು ತಂದು ಸ್ಟೂಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

"ಕೈ ಕೊಡಿ, ಅಮ್ಮಾವ್ರೆ. ಇನ್ನೇನಾದ್ರೂ ಮುಟ್ಟೋಕೆ ಮುಂಚೆ." ಅಂಚಿನಿಂದ ನಡುವಿಗೆ ಒಂದೇ ದಿಕ್ಕಿಗೆ ಉಜ್ಜತೊಡಗಿದಳು. "ಗರಗಸದ ಥರ ಹಿಂದೆ ಮುಂದೆ ಆಡಿಸಬಾರದು. ಉಗುರು ಪದರ ಬಿಡುತ್ತೆ."

"ಉಡುಪು?" ಎಂದಳು ಒಡತಿ.

"ಎಳೆ ತುಂಡಾಗಿಲ್ಲ. ನೂಲಿನ ಕೈಗವಸು ಹಾಕ್ಕೊಂಡು ಒಳಗಡೆಯಿಂದ ಸೂಜೀಲಿ ಒಂದೊಂದೇ ಎಳ್ಕೋತೀನಿ. ಮಧ್ಯಾಹ್ನದೊಳಗೆ ಕೂತ್ಕೊಳ್ಳುತ್ತೆ." ಉಗುರಿಗೆ ಉಫ್ ಎಂದು ಊದಿ, ತಲೆಯೆತ್ತದೆ ಕೇಳಿದಳು, "ನಾಳೆ ನಾನು ಬರಬೇಕೋ ಬೇಡವೋ?"

"ಬಾಯಿಬಿಟ್ಟು ಹೇಳಿಸ್ತೀಯಲ್ಲೇ," ಎಂದಳು ಒಡತಿ. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. "ಬಾ. ತಪ್ಪಾಯ್ತು. ಬರದಿದ್ರೆ ನಾನೇ ಮನೆಗೆ ಬಂದು ಎಳ್ಕೊಂಡು ಬರ್ತೀನಿ."

"ಹಾಗಾದ್ರೆ ಇನ್ನೊಂದು ಕೈನೂ ಕೊಡಿ."

ಒಡತಿ ಎಡಗೈಯನ್ನು ಚಾಚಿದಳು.